ಮೂಡಿಗೆರೆಯಿಂದ ಜರ್ಮನಿಗೆ ದಿನಕ್ಕೊಂದು ಕರೆ

ನನ್ನ ಯಜಮಾನರು ಕಾಫಿ ಸಂಸ್ಕರಣೆಯ ಯಂತ್ರಗಳ ಕೆಲಸ ಬಲ್ಲವರು. 2025ರ ಫೆಬ್ರವರಿಯಲ್ಲಿ ಏಳು ತಿಂಗಳ ತರಬೇತಿಗೆಂದು ಅವರು ಜರ್ಮನಿಗೆ ಹೊರಟಾಗ, ಮೂಡಿಗೆರೆ ಪಕ್ಕದ ತೋಟದ ಮನೆಯಲ್ಲಿ ಉಳಿದವರು ನಾನು, ಅತ್ತೆ ಮತ್ತು ಎಂಟು ವರ್ಷದ ಮಗಳು. ನಿಮಿಷಕ್ಕಿಷ್ಟು ಎಂದು ದುಡ್ಡು ತೆತ್ತು ಮಾತನಾಡುವ ಶಕ್ತಿ ನಮಗಿರಲಿಲ್ಲ. ಹಾಗಿದ್ದೂ ಮಾತು ತಪ್ಪಿದ ದಿನಗಳು ಬೆರಳೆಣಿಕೆಯಷ್ಟು. ತಿಂಗಳ ಇಂಟರ್ನೆಟ್ ಬಿಲ್ಲಿನ ಮೇಲೆ ಕರೆಗೆಂದು ಒಂದು ರೂಪಾಯಿಯೂ ಹೆಚ್ಚು ಬೀಳಲಿಲ್ಲ. ಗಂಡನನ್ನೋ ಹೆಂಡತಿಯನ್ನೋ ಹೊರದೇಶಕ್ಕೆ ಕಳಿಸಲಿರುವ ಮನೆಯವರಿಗೆ ಉಪಯೋಗವಾಗಲೆಂದು ನಾವು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಹೊರಡುವ ಮುನ್ನ ಸಿಮ್ ವಿಷಯ ಮುಗಿಸಿ. ಇಲ್ಲಿನ ಸಿಮ್ ಫೋನಿನಲ್ಲೇ ಇರಲಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ, ಹಾಗಾಗಿ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಇಲ್ಲಿದ್ದಾಗಲೇ ಆರಂಭಿಸಿಕೊಳ್ಳಬೇಕು. ಆದರೆ ಆ ಸಿಮ್‌ನ ಡೇಟಾ ರೋಮಿಂಗ್ ಮಾತ್ರ ಖಂಡಿತ ಬಂದ್ ಆಗಿರಬೇಕು. ತಿಳಿಯದೆ ಬರುವ ದೊಡ್ಡ ಬಿಲ್ಲಿಗೆ ದಾರಿ ಅದೇ. ಡೇಟಾಕ್ಕೆ ಅಲ್ಲಿಯದೇ ಸಿಮ್ ಕೊಳ್ಳಲಿ. ಜರ್ಮನಿಯಲ್ಲಿ ಪ್ರಿಪೇಯ್ಡ್ ಸಿಮ್‌ಗೂ ಪಾಸ್‌ಪೋರ್ಟ್ ತೋರಿಸಬೇಕು. ಐರೋಪ್ಯ ಒಕ್ಕೂಟದ ಒಂದು ದೇಶದ ಸಿಮ್ ಅನ್ನು ಪ್ರವಾಸದಲ್ಲಿ ಒಕ್ಕೂಟದ ಬೇರೆ ದೇಶಗಳಲ್ಲಿ ಬಳಸಿದರೆ ಸಾಮಾನ್ಯವಾಗಿ ಹೆಚ್ಚಿನ ರೋಮಿಂಗ್ ಶುಲ್ಕ ಇಲ್ಲ. 2017ರಿಂದ ಈ ವ್ಯವಸ್ಥೆ ಇದೆ. ಹೊಸ ಸಿಮ್ ಹಾಕಿದೊಡನೆ ಸಂಖ್ಯೆ ಬದಲಿಸಬೇಕೇ ಎಂದು ವಾಟ್ಸಾಪ್ ಕೇಳಿದರೆ ಬೇಡ ಎನ್ನಿ. ಹಳೆಯ ಸಂಖ್ಯೆಯಲ್ಲೇ ಅದು ನಡೆಯುತ್ತದೆ.

ಆ್ಯಪ್ ಯಾವುದು ಎಂಬುದು ಹೋಗುವ ದೇಶದ ಮೇಲೆ ನಿಂತಿದೆ. ದುಬೈಯಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆಗೆ ತಡೆ ಇದೆ. ಚೀನಾದಲ್ಲಿ ವಾಟ್ಸಾಪ್, ಗೂಗಲ್ ಎರಡಕ್ಕೂ ತಡೆ. ಅಲ್ಲಿ ಈಗಾಗಲೇ ಇರುವ ನಮ್ಮವರನ್ನು ಕೇಳಿ ನಿರ್ಧರಿಸುವುದು ಕ್ಷೇಮ. ಯಾವುದನ್ನು ಆರಿಸಿದರೂ ಜೊತೆಗೆ ಇನ್ನೊಂದು ಸಿದ್ಧವಿರಲಿ. ಎಷ್ಟೋ ಮನೆಗಳು ನಂಬಿಕೊಂಡಿದ್ದ ಸ್ಕೈಪ್ 2025ರ ಮೇ 5ರಂದು ನಿಂತೇ ಹೋಯಿತು. ನಾವು ಕಂಪ್ಯೂಟರಿನಲ್ಲಿ ಗೂಗಲ್ ಮೀಟ್ ಬಳಸಿದೆವು, ಬದಲಿಗೆ ವಾಟ್ಸಾಪ್ ಇತ್ತು. ಮೀಟ್‌ನಲ್ಲಿ ಇಬ್ಬರ ನಡುವಿನ ಕರೆಗೆ ಒಂದು ದಿನದಷ್ಟು ಅವಧಿ ಉಚಿತ, ಮೂರನೆಯವರು ಸೇರಿದರೆ ಒಂದು ಗಂಟೆ. ಜೂಮ್ ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಮುಗಿಯುತ್ತದೆ. ಮಗಳು ಮಾತನಾಡುತ್ತಿರುವಾಗ ಕರೆ ಕಡಿದುಹೋಗುವುದನ್ನು ನೋಡಲು ನನಗೆ ಮನಸ್ಸು ಬರಲಿಲ್ಲ.

ಇನ್ನು ಮಲೆನಾಡಿನವರ ನಿಜವಾದ ಕಷ್ಟ: ಕರೆಂಟು. ಆ ವರ್ಷ ಮೇ ಕೊನೆಯ ವಾರದಲ್ಲೇ ಮಳೆ ಹಿಡಿಯಿತು. ಸಂಜೆಯಾದರೆ ಕರೆಂಟ್ ಇಲ್ಲ, ಅದರೊಂದಿಗೆ ಇಂಟರ್ನೆಟ್ಟೂ ಇಲ್ಲ ಎಂದುಕೊಂಡಿದ್ದೆ. ನಮ್ಮ ಇಂಟರ್ನೆಟ್ ಲೈನ್‌ಮನ್ ತಿದ್ದಿದರು. ಫೈಬರ್ ತಂತಿಯೊಳಗೆ ಹರಿಯುವುದು ಬೆಳಕು. ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಇರುತ್ತದೆ, ಅಲ್ಲಿಂದ ನಮ್ಮ ಮನೆಯವರೆಗೆ ನಡುವೆ ಕರೆಂಟ್ ಬೇಡುವ ಪೆಟ್ಟಿಗೆ ಯಾವುದೂ ಇಲ್ಲ. ಕರೆಂಟ್ ಹೋದಾಗ ಸಾಯುತ್ತಿದ್ದದ್ದು ನಮ್ಮ ಮನೆಯ ಮೋಡೆಮ್ ಮಾತ್ರ! ಅದರ ತಳದ ಚೀಟಿ ಓದಿದೆ: 12 ವೋಲ್ಟ್. ಅಷ್ಟೇ ವೋಲ್ಟಿನ ಪುಟ್ಟ ಯುಪಿಎಸ್, ಅಂದರೆ ಬ್ಯಾಟರಿ ಪೆಟ್ಟಿಗೆ, ತಂದು ಅಡಾಪ್ಟರಿಗೂ ಮೋಡೆಮ್ಮಿಗೂ ನಡುವೆ ಜೋಡಿಸಿದೆ. ಆಂಪಿಯರ್ ಮತ್ತು ಪಿನ್ನಿನ ಗಾತ್ರ ಹೊಂದುತ್ತದೆಯೇ ಎಂದು ಮಾತ್ರ ಅಂಗಡಿಯಲ್ಲೇ ನೋಡಿಕೊಳ್ಳಿ. ಆ ರಾತ್ರಿ ಇಡೀ ಊರು ಕತ್ತಲಲ್ಲಿತ್ತು, ಜಗಲಿಯ ಮೂಲೆಯಲ್ಲಿ ಮೋಡೆಮ್ಮಿನ ಹಸಿರು ದೀಪ ಮಿನುಗುತ್ತಿತ್ತು, ಲ್ಯಾಪ್‌ಟಾಪಿನಲ್ಲಿ ಅವರ ಮುಖ. ಏಳು ತಿಂಗಳಲ್ಲಿ ನಾನು ಮಾಡಿದ ಅತ್ಯಂತ ಸಾರ್ಥಕ ಖರ್ಚು ಅದು.

ಎಲ್‌ಒಎಸ್ ಎಂದು ಬರೆದ ಕೆಂಪು ದೀಪ ಹತ್ತಿದರೆ ಬೆಳಕೇ ಮೋಡೆಮ್ಮಿಗೆ ತಲುಪುತ್ತಿಲ್ಲ ಎಂದರ್ಥ. ನಮ್ಮಲ್ಲಿ ಹೆಚ್ಚಾಗಿ ಎಲ್ಲೋ ಮರ ಬಿದ್ದು ತಂತಿ ಕಡಿದಿರುತ್ತದೆ. ಆಗ ಮೋಡೆಮ್ಮನ್ನು ಆರಿಸಿ ಹಚ್ಚಿ ಮಾಡುತ್ತ ಕೂರಬೇಡಿ. ಲೈನ್‌ಮನ್‌ಗೆ ತಿಳಿಸಿ, ಆ ದಿನದ ಮಟ್ಟಿಗೆ ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ಧ್ವನಿ ಕರೆ ಮಾಡಿ. ವಿಡಿಯೊ ಕರೆ ಗಂಟೆಗೆ ನೂರಾರು ಎಂಬಿ ನುಂಗುತ್ತದೆ. ಬರೀ ಧ್ವನಿಗೆ ನೂರು ಎಂಬಿಯೂ ಬೇಕಿಲ್ಲ.

ಒಂದು ವಿಷಯ ಒತ್ತಿ ಹೇಳಬೇಕು. ಎಲ್ಲರೂ ಚಿತ್ರ ಚೆನ್ನಾಗಿರಲಿ ಎಂದು ದುಡ್ಡು ಹಾಕುತ್ತಾರೆ. ಮೊದಲು ಧ್ವನಿಗೆ ಹಾಕಿ. ಮುಖ ಮಸುಕಾದರೆ ಸಹಿಸಬಹುದು, ಮಾತು ತುಂಡಾದರೆ ಎರಡೂ ಕಡೆ ಸಿಡುಕು ಹುಟ್ಟುತ್ತದೆ. ನಮ್ಮ ಮನೆಯ ಮುಂಭಾಗಕ್ಕೆ ತಗಡಿನ ಮಾಡು. ಆರಿದ್ರಾ ಮಳೆ ಅದರ ಮೇಲೆ ಹೊಯ್ಯುವಾಗ ಲ್ಯಾಪ್‌ಟಾಪಿನ ಮೈಕಿಗೆ ಕೇಳುವುದು ಮಳೆ ಮಾತ್ರ. ಬಾಯಿಯ ಹತ್ತಿರ ಮೈಕ್ ಬರುವ, ತಂತಿಯ ಹೆಡ್‌ಸೆಟ್ ಹಾಕಿಕೊಂಡ ದಿನದಿಂದ ಅವರು "ಏನು? ಏನು?" ಎನ್ನುವುದು ನಿಂತಿತು. ವೈಫೈ ಬಿಟ್ಟು ಮೋಡೆಮ್ಮಿನಿಂದ ಕಂಪ್ಯೂಟರಿಗೆ ನೇರ ಕೇಬಲ್ ಎಳೆದರೆ ಇನ್ನೂ ಒಳ್ಳೆಯದು. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ ದಾಟುವಷ್ಟರಲ್ಲಿ ವೈಫೈ ಸೊರಗಿರುತ್ತದೆ.

ಹೊತ್ತು ಗೊತ್ತುಮಾಡಿಕೊಳ್ಳಿ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅವರ ಸಂಜೆ ನಾಲ್ಕು, ನಮ್ಮ ರಾತ್ರಿ ಎಂಟೂವರೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಮೇಲೆ ಅಂತರ ಮೂರೂವರೆ ಗಂಟೆ. ಆ ಸಲ ಆ ಭಾನುವಾರವೇ ಯುಗಾದಿ, ಮಾರ್ಚ್ 30. ನಾವು ಚಿಕ್ಕಪ್ಪನ ಮನೆಗೆ ಹೋಗಿ ಎಂಟಕ್ಕೆ ಮರಳಿದೆವು. ಅವರು ಏಳೂವರೆಗೇ ಕರೆ ಮಾಡಿ, ಅಲ್ಲಿ ಸಿಕ್ಕ ಬೆಲ್ಲದ ಚೂರನ್ನು ತಟ್ಟೆಯಲ್ಲಿಟ್ಟುಕೊಂಡು ಅರ್ಧ ಗಂಟೆ ಕಾದಿದ್ದರು. ಮಗಳು ಬಾಗಿಲಲ್ಲೇ ಅತ್ತುಬಿಟ್ಟಳು. ಕ್ಯಾಲೆಂಡರಿನಲ್ಲಿ ಈ ದಿನ ಮತ್ತು ಗಡಿಯಾರ ಹಿಂದಕ್ಕೆ ಬರುವ ಅಕ್ಟೋಬರ್ ಕೊನೆಯ ಭಾನುವಾರಕ್ಕೆ ಈಗಲೇ ಗುರುತು ಹಾಕಿ.

ಅತ್ತೆಗೆ ಎಪ್ಪತ್ತೆರಡು. ಅವರಿಗಾಗಿ ಕಂಪ್ಯೂಟರಿನ ತೆರೆಯ ಮೇಲೆ ಮೀಟ್‌ನ ಒಂದೇ ಕೊಂಡಿ ಬಿಟ್ಟು ಉಳಿದದ್ದೆಲ್ಲ ತೆಗೆದೆ. ಲ್ಯಾಪ್‌ಟಾಪಿನ ಕೆಳಗೆ ಎರಡು ಬಿಸ್ಕತ್ತಿನ ಡಬ್ಬಿ ಇಟ್ಟೆ, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬಂತು. ಮಗನಿಗೆ ತಾಯಿಯ ಮುಖ ಕಾಣತೊಡಗಿತು, ಅಲ್ಲಿಯವರೆಗೆ ಕಾಣುತ್ತಿದ್ದದ್ದು ಅಟ್ಟದ ತೊಲೆಗಳು.

ಗುರುತಿಲ್ಲದ ಸಂಖ್ಯೆಯಿಂದ "ಅಪಘಾತವಾಗಿದೆ, ತಕ್ಷಣ ಹಣ ಕಳಿಸಿ" ಎಂಬ ಕರೆ ಬಂದರೆ, ಧ್ವನಿ ನಿಮ್ಮವರದೇ ಎನಿಸಿದರೂ ನಂಬಬೇಡಿ. ಧ್ವನಿಯನ್ನು ನಕಲು ಮಾಡುವುದು ಈಗ ಸುಲಭ. ಮನೆಯವರಿಗಷ್ಟೇ ತಿಳಿದ ಒಂದು ಮಾತು ಮೊದಲೇ ಗೊತ್ತಿರಲಿ, ಅದನ್ನು ಕೇಳಿ. ನಾವು ಸತ್ತುಹೋದ ಹಸುವಿನ ಹೆಸರು ಇಟ್ಟುಕೊಂಡಿದ್ದೆವು.

ಕರೆ ಸಿಗದ ದಿನ ಧ್ವನಿ ಸಂದೇಶ ಕಳಿಸಿ. ಹೂಮಳೆ ಬಿದ್ದು ಕಾಫಿ ಅರಳಿದ ಬೆಳಿಗ್ಗೆ ಮಗಳು ಗಿಡದ ಸಾಲಿನಲ್ಲಿ ಫೋನ್ ಹಿಡಿದು ನಿಂತು ಜೇನಿನ ಗುಂಯ್‌ಗುಡುವಿಕೆಯನ್ನು ಎರಡು ನಿಮಿಷ ಮುದ್ರಿಸಿ ಕಳಿಸಿದಳು. ಅವರು ಟ್ರಾಮಿನಲ್ಲಿ ಅದನ್ನು ಮೂರು ಸಲ ಕೇಳಿದರಂತೆ.

ಇದನ್ನೆಲ್ಲ ಹೊರಡುವ ಹಿಂದಿನ ವಾರವೇ ಅಭ್ಯಾಸ ಮಾಡಿ: ಒಬ್ಬರು ಅಡುಗೆಮನೆಯಲ್ಲಿ, ಇನ್ನೊಬ್ಬರು ಅಂಗಳದಲ್ಲಿ ನಿಂತು, ಮೇನ್ ಸ್ವಿಚ್ ಆರಿಸಿ. ಪಕ್ಕದ ಮನೆಯ ಹುಡುಗಿಯ ಗಂಡ ಮುಂದಿನ ತಿಂಗಳು ದುಬೈಗೆ ಹೊರಡುತ್ತಾನೆ. ಈ ಭಾನುವಾರ ಅವರಿಬ್ಬರನ್ನೂ ನಮ್ಮ ಮನೆಗೆ ಕರೆದಿದ್ದೇನೆ.