ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಶಾಲೆ: ಎಲ್ಲಿಂದ ಶುರು ಮಾಡೋದು?

ಪ್ರೈವೇಟ್ ಶಾಲೆಯ ಫೀಸು ಕಟ್ಟಿ ಸಾಕಾಗಿದೆ, ಮಗುವನ್ನು ಮನೆಯಲ್ಲೇ ಓದಿಸೋಣ ಅಂತ ಯೋಚಿಸುತ್ತಿದ್ದೀರಾ? ಹಾಗಾದರೆ ಮೊದಲು ಒಂದು ಲೆಕ್ಕ ಹಾಕಿ. ಪುಸ್ತಕದ ಲೆಕ್ಕ ಅಲ್ಲ. ಮಗುವಿನ ಜೊತೆ ಹಗಲು ಯಾರು ಇರುತ್ತಾರೆ, ಅದಕ್ಕಾಗಿ ಅವರು ಬಿಡಬೇಕಾದ ದುಡಿಮೆ ಎಷ್ಟು ಅನ್ನೋದು. ತಿಂಗಳಿಗೆ 15,000 ರೂಪಾಯಿ ದುಡಿಯುವ ಅಮ್ಮ ಕೆಲಸ ಬಿಟ್ಟರೆ ವರ್ಷಕ್ಕೆ 1,80,000 ಹೋಯಿತು. ಫೀಸು ಅದಕ್ಕಿಂತ ಕಡಿಮೆ ಇದ್ದರೆ ಏನೂ ಉಳಿಯಲಿಲ್ಲ, ಅಲ್ವಾ? ಮಗು ಸರ್ಕಾರಿ ಶಾಲೆಯಲ್ಲಿದ್ದರಂತೂ ಬಿಸಿಯೂಟ, ಹಾಲು, ಮೊಟ್ಟೆ, ಪುಸ್ತಕ, ಸಮವಸ್ತ್ರ, ಶೂ ಎಲ್ಲವೂ ಪುಕ್ಕಟೆ ಸಿಗುತ್ತಿರುತ್ತದೆ. ಬಿಡಿಸಿದ ದಿನದಿಂದ ಅದೂ ನಿಮ್ಮ ತಲೆ ಮೇಲೆ.

ದುಡ್ಡೊಂದೇ ಕಾರಣವಾದರೆ ಹತ್ತಿರದ ಒಳ್ಳೆಯ ಸರ್ಕಾರಿ ಶಾಲೆಯೇ ಅಗ್ಗ. ಇದನ್ನು ಹೇಳದೆ ಮುಂದಕ್ಕೆ ಹೋದರೆ ನಿಮಗೆ ಮೋಸ ಮಾಡಿದಂತೆ. ಮಗುವಿಗೆ ಶಾಲೆ ಒಗ್ಗುತ್ತಿಲ್ಲ, ಆರೋಗ್ಯ ಸರಿಯಿಲ್ಲ, ಅಪ್ಪನ ಕೆಲಸ ವರ್ಷಕ್ಕೊಂದು ಊರು ಸುತ್ತಿಸುತ್ತದೆ, ಹೀಗೆ ಬೇರೆ ಕಾರಣ ಇದ್ದವರು ಮುಂದೆ ಓದಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ, ಅಥವಾ ಗಂಡ ಹೆಂಡತಿ ಶಿಫ್ಟ್ ಬದಲಾಯಿಸಿಕೊಳ್ಳಲು ಆದರೆ ಕೆಲಸ ಬಿಡದೆಯೂ ನಡೆಸಬಹುದು. ಸಣ್ಣ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಕೂತು ಓದಿಸಿದರೆ ಧಾರಾಳ ಸಾಕು.

ಕಾಗದ ಪತ್ರ

ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ಕ್ಕೆ. ಅದು 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ಇಂಥ ಶಿಕ್ಷೆ ಅಂತ ಮಾತ್ರ ಬರೆದಿಲ್ಲ. ಮನೆಪಾಠದ, ಅಂದರೆ ಹೋಮ್‌ಸ್ಕೂಲಿಂಗ್‌ನ ಹೆಸರೇ ಅದರಲ್ಲಿಲ್ಲ. ಹಾಗಾಗಿ ಇದಕ್ಕೆ ಪರ್ಮಿಷನ್ ಕೊಡುವ ಕಚೇರಿ ಅಂತಲೂ ಇಲ್ಲ.

ಶಾಲೆಯಿಂದ ಸುಮ್ನೆ ಬಿಡಿಸಬೇಡಿ. ಟಿಸಿ ತಗೊಳ್ಳಿ, ಕೊನೆಯ ಅಂಕಪಟ್ಟಿ ತಗೊಳ್ಳಿ, ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿಗಿರುವ ಸಂಖ್ಯೆ) ಬರೆದಿಟ್ಟುಕೊಳ್ಳಿ. ಮಗು ಶಾಲೆ ಬಿಟ್ಟಿದೆ ಅಂತ ದಾಖಲಾದರೆ ಟೀಚರೋ ಸಿಆರ್‌ಪಿಯೋ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಿಬ್ಬಂದಿ) ಮನೆಗೆ ಬಂದು ವಿಚಾರಿಸಬಹುದು. ಗಾಬರಿ ಬೇಡ. ಮಗು ಏನು ಓದುತ್ತಿದೆ ಅಂತ ತೋರಿಸಲು ಒಂದು ಫೈಲ್ ಇರಲಿ. ತಿಂಗಳ ನೋಟ್ಸು, ಚಿತ್ರ, ಲೆಕ್ಕದ ಹಾಳೆ, ತಾರೀಖು ಬರೆದು ಹಾಕಿದರೆ ಆಯಿತು.

ಶುರುವಿನಲ್ಲಿ ಯಾರೂ ಹೇಳದ ಇನ್ನೊಂದು ವಿಷಯ ಸಿಇಟಿ, ಅಂದರೆ ವೃತ್ತಿಪರ ಕೋರ್ಸುಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆ. ಸರ್ಕಾರಿ ಕೋಟಾದ ಇಂಜಿನಿಯರಿಂಗ್ ಸೀಟಿಗೆ ಹೆಚ್ಚಿನವರು ಬಳಸುವ ದಾರಿ ಅಂದರೆ ಕರ್ನಾಟಕದ ಮಾನ್ಯತೆ ಪಡೆದ ಶಾಲೆಗಳಲ್ಲಿ ಕನಿಷ್ಠ 7 ವರ್ಷ ಓದಿರುವುದು. ಮನೆಯಲ್ಲಿ ಓದಿದ ವರ್ಷಗಳಿಗೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿಯದ್ದೂ ಇದೇ ಕಥೆ, ಎರಡಕ್ಕೂ 1ರಿಂದ 10ನೇ ತರಗತಿಯವರೆಗೆ ಹಾಗೆ ಓದಿದ್ದಕ್ಕೆ ಶಾಲೆಯ ದಾಖಲೆ ಬೇಕು. ಇನ್ನೊಂದು ದಾರಿಯೂ ಇದೆ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗು ಎರಡು ವರ್ಷದ ಪಿಯುಸಿಯನ್ನು ಇಲ್ಲೇ ಓದಿ ಪಾಸಾಗಿರಬೇಕು. ನಿಮ್ಮ ಹಳೇ ಶಾಲೆಯ ದಾಖಲೆಗಳನ್ನು ಈಗಲೇ ಹುಡುಕಿಡಿ. ಹಳ್ಳಿಯಲ್ಲಿದ್ದು ಗ್ರಾಮೀಣ ಮೀಸಲಾತಿಯ ಆಸೆ ಇಟ್ಟುಕೊಂಡವರಿಗೆ ಮನೆಪಾಠ ದುಬಾರಿ ಅಂತಲೇ ನನ್ನ ಅಭಿಪ್ರಾಯ.

ಪುಸ್ತಕಕ್ಕೆ ದುಡ್ಡು ಸುರಿಯಬೇಡಿ

ಹೋಮ್‌ಸ್ಕೂಲಿಂಗ್ ಕಿಟ್, ವರ್ಷದ ಪ್ಯಾಕೇಜ್, ಕಂತಿನಲ್ಲಿ ಕೊಡುವ ಆ್ಯಪ್ ಅಂತ ಮಾರುವವರು ಬೇಕಾದಷ್ಟಿದ್ದಾರೆ. ಮೊದಲ ವರ್ಷ ಯಾವುದನ್ನೂ ಕೊಳ್ಳಬೇಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಅದರ ವೆಬ್‌ಸೈಟಿನಲ್ಲೇ ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. ಕೇಂದ್ರದ ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳೂ ಹಾಗೇ ಸಿಗುತ್ತವೆ. ಪುಸ್ತಕದ ಕ್ಯೂಆರ್ ಕೋಡನ್ನು ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸೇರಿಸಿರುವ ವಿಡಿಯೋ, ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಆದರೆ ಇಡೀ ಪಿಡಿಎಫನ್ನು ಪ್ರಿಂಟ್ ಹಾಕಿಸಲು ಹೋಗಬೇಡಿ, ಪುಸ್ತಕಕ್ಕಿಂತ ಜೆರಾಕ್ಸ್ ಬಿಲ್ಲೇ ಜಾಸ್ತಿ ಆಗುತ್ತದೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಪಕ್ಕದ ಮನೆ ಮಕ್ಕಳ ಹಳೇ ಪುಸ್ತಕ ಕೇಳಿ, ರದ್ದಿಯವನಿಗೆ ಹೋಗುವ ಮುಂಚೆ. ಬೆಂಗಳೂರಿನವರಿಗೆ ಹಳೇ ಪುಸ್ತಕ ಮಾರುವ ಅವೆನ್ಯೂ ರಸ್ತೆ ಗೊತ್ತೇ ಇದೆ.

ಕಥೆ ಪುಸ್ತಕಕ್ಕೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಇದೆ. ಅಲ್ಲಿ ಕನ್ನಡದ ಕಥೆಗಳನ್ನು ಓದುವ ಮಟ್ಟದ ಪ್ರಕಾರ ಜೋಡಿಸಿದ್ದಾರೆ, ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಅದಕ್ಕಿಂತ ಮುಖ್ಯ, ನಿಮ್ಮೂರಿನ ಲೈಬ್ರರಿ. ನಗರದಲ್ಲಿ ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಷ್ಟು ಗ್ರಂಥಾಲಯ ಕರ ಹೋಗುತ್ತದೆ. ದುಡ್ಡು ಕಟ್ಟಿ ಆಗಿದೆ, ಬಳಸುವುದಷ್ಟೇ ಬಾಕಿ. ಹಳ್ಳಿಯವರು ಗ್ರಾಮ ಪಂಚಾಯಿತಿ ಲೈಬ್ರರಿಗೆ ಹೋಗಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ.

ಇಬ್ಬರು ಮಕ್ಕಳಿದ್ದರೆ

ಒಬ್ಬಳು ಮೂರನೇ ಕ್ಲಾಸು, ಒಬ್ಬ ಒಂದನೇ ಕ್ಲಾಸು. ಇಬ್ಬರಿಗೂ ಬೇರೆ ಬೇರೆ ಪಾಠ ಮಾಡಿದರೆ ನಿಮ್ಮ ಬೆಳಗ್ಗೆ ಪೂರ್ತಿ ಹೋಯಿತು. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ, ಅದು ನಲಿ ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾಗಿದ್ದು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಕಾರ್ಡು ಹಿಡಿದು, ಕಲಿಕಾ ಏಣಿಯ ಒಂದೊಂದು ಮೆಟ್ಟಿಲು ತಮ್ಮ ವೇಗದಲ್ಲಿ ಹತ್ತುತ್ತಾರೆ. ಮನೆಯಲ್ಲೂ ಹಾಗೇ ಮಾಡಿ. ಹಳೇ ಮದುವೆ ಕಾರ್ಡುಗಳನ್ನು ಕತ್ತರಿಸಿ ಹಿಂದಿನ ಖಾಲಿ ಬದಿಯಲ್ಲಿ ಒಂದೊಂದು ಚಟುವಟಿಕೆ ಬರೆಯಿರಿ, ನಂಬರ್ ಹಾಕಿ. ಮಗು ಒಂದು ಕಾರ್ಡ್ ಮುಗಿಸಿ ತೋರಿಸಿದ ಮೇಲೆ ಮುಂದಿನದು. ದೊಡ್ಡವಳು ಚಿಕ್ಕವನಿಗೆ ಹೇಳಿಕೊಟ್ಟರೆ ಅವಳಿಗೂ ಗಟ್ಟಿಯಾಗುತ್ತದೆ. ಎಣಿಸಲು ಹುಣಸೆ ಬೀಜ, ಕೂಡಿಸಿ ಹಂಚಲು ಅಳಗುಳಿಮಣೆ ಇದ್ದರೆ ಸಾಕು. ದೊಡ್ಡವಳಿಗೆ ಕರೆಂಟ್ ಬಿಲ್ ಕೊಟ್ಟು ಯೂನಿಟ್ ಲೆಕ್ಕ ಮಾಡಿಸಿ.

ನಿಮಗೆ ಬರದ ವಿಷಯಕ್ಕೆ ಮಾತ್ರ ಟ್ಯೂಷನ್ ಇಡಿ, ಅದೂ ಮೂರ್ನಾಲ್ಕು ಮನೆಯವರು ಸೇರಿ. ನಿಮ್ಮ ಇಂಗ್ಲಿಷ್, ಅವರ ಗಣಿತ ಅಂತ ಮಕ್ಕಳನ್ನು ಅದಲು ಬದಲು ಮಾಡಿಕೊಂಡರೆ ಅದೂ ಬೇಡ. ಜೊತೆ ಮಕ್ಕಳಿಲ್ಲದೆ ಮನೆಪಾಠ ಬಹಳ ದಿನ ನಡೆಯುವುದಿಲ್ಲ ಅನ್ನೋದು ನೆನಪಿರಲಿ.

ವಾರಕ್ಕೊಮ್ಮೆ ಹೊರಗೆ ಹೋಗಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅಮ್ಮ ಮಗಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಮಗನಿಗೆ ಅರ್ಧ ಟಿಕೆಟ್ ಆಗಬಹುದು, ಪಾಪ. ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ, ಮಂಗಳೂರಿನಲ್ಲಿ ಪಿಲಿಕುಳ, ಕಲಬುರಗಿ, ಧಾರವಾಡದಲ್ಲಿ ವಿಜ್ಞಾನ ಕೇಂದ್ರ, ಮೈಸೂರಿನಲ್ಲಿ ರೈಲ್ವೆ ಮ್ಯೂಸಿಯಂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಓಪನ್ ಡೇ ದಿನ ಲ್ಯಾಬುಗಳ ಒಳಗೇ ಬಿಡುತ್ತಾರೆ, ಪ್ರವೇಶ ಉಚಿತ.

ಪರೀಕ್ಷೆ

ಹತ್ತನೇ ತರಗತಿಗೆ ಎನ್‌ಐಒಎಸ್ ಅನ್ನೋ ಮುಕ್ತ ಶಾಲಾ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದೇ. ವಯಸ್ಸು 14 ತುಂಬಿರಬೇಕು, ಐದು ವಿಷಯ ಪಾಸಾಗಬೇಕು, ಪಾಸಿಗೆ ನೂರಕ್ಕೆ 33 ಅಂಕ. ಒಂದೇ ಸಲ ಐದನ್ನೂ ಬರೆಯಲೇಬೇಕು ಅಂತಿಲ್ಲ. ಒಮ್ಮೆ ಸೇರಿದರೆ ಐದು ವರ್ಷದಲ್ಲಿ ಒಂಬತ್ತು ಅವಕಾಶ. ಚಿತ್ರಕಲೆ, ಗೃಹವಿಜ್ಞಾನದಂಥ ವಿಷಯಗಳನ್ನೂ ಆರಿಸಿಕೊಳ್ಳಬಹುದು. ಸೇರುವಾಗ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಫೀಸು ಕಡಿಮೆ. ಪರೀಕ್ಷೆ ಫೀಸು ವಿಷಯಕ್ಕೆ ಇಷ್ಟು ಅಂತ ಬೇರೆ ಕಟ್ಟಬೇಕು, ಅದನ್ನೂ ಬಜೆಟ್ಟಿನಲ್ಲಿ ಇಡಿ. ಕೋಚಿಂಗ್ ಸೆಂಟರಿನವರ ಮೂಲಕ ಸೇರಿಸಬೇಡಿ. ಅಸಲು ಫೀಸಿನ ಎಷ್ಟೋ ಪಟ್ಟು ವಸೂಲು ಮಾಡುವವರಿದ್ದಾರೆ. ಎನ್‌ಐಒಎಸ್ ವೆಬ್‌ಸೈಟಿನಲ್ಲಿ ನೀವೇ ಅರ್ಜಿ ಹಾಕಬಹುದು. ಎಸ್ಸೆಸ್ಸೆಲ್ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಇದೆ, ಹತ್ತಿರದ ಹೈಸ್ಕೂಲಿನಲ್ಲಿ ವಿಚಾರಿಸಿ.

ಮನೆಪಾಠ ಸರಿಹೋಗಲಿಲ್ಲ ಅಂದರೆ ವಾಪಸ್ ಶಾಲೆಗೆ ಸೇರಿಸುವುದು ಕಷ್ಟವಲ್ಲ. ಆರ್‌ಟಿಇ 4ನೇ ಸೆಕ್ಷನ್ ಪ್ರಕಾರ 14ರೊಳಗಿನ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿಯನ್ನೂ ಕೊಡಬೇಕು. ಮೇ ಕೊನೆಗೆ ಶಾಲೆ ಶುರುವಾಗುವ ಹೊತ್ತಿಗೆ ಆ ಫೈಲು ಮತ್ತು ಟಿಸಿ ಹಿಡಿದುಕೊಂಡು ಹೆಡ್‌ಮಾಸ್ಟರನ್ನು ನೋಡಿ, ಆಗಲ್ಲ ಅಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ.