ಹೆಸರಿಗಿಂತ ಮೊದಲು ತಕ್ಕಡಿ: ಮನೆಯ ಅಡುಗೆಮನೆಯಿಂದ ತಿನಿಸಿನ ವ್ಯಾಪಾರ ಆರಂಭಿಸುವ ಬಗೆ

ಮನೆಯಲ್ಲಿ ತಯಾರಿಸಿದ ತಿನಿಸನ್ನು ಮಾರಲು ಹೊರಟವರು ಸಾಮಾನ್ಯವಾಗಿ ಮೊದಲು ಒಂದು ಚಂದದ ಹೆಸರನ್ನು ಹುಡುಕುತ್ತಾರೆ, ಆಮೇಲೆ ಲಾಂಛನ ಬರೆಸುತ್ತಾರೆ, ಅನಂತರ ಬಣ್ಣಬಣ್ಣದ ಲೇಬಲ್‌ಗಳನ್ನು ಸಾವಿರದ ಲೆಕ್ಕದಲ್ಲಿ ಅಚ್ಚು ಹಾಕಿಸುತ್ತಾರೆ. ಬೆಲೆಯನ್ನು ಮಾತ್ರ ಕೊನೆಯ ದಿನ ಕಣ್ಣಂದಾಜಿನಲ್ಲಿ ಗೊತ್ತುಮಾಡುತ್ತಾರೆ. ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿದ್ದರೂ ಕೈಯಲ್ಲಿ ಹಣ ಏಕೆ ನಿಲ್ಲುತ್ತಿಲ್ಲ ಎಂದು ಕೇಳಿಕೊಂಡು ಬಂದ ಕೆಲವರ ಲೆಕ್ಕದ ಪುಸ್ತಕಗಳನ್ನು ನಾನು ನೋಡಿದ್ದೇನೆ. ಅವನ್ನು ಪುಸ್ತಕ ಎನ್ನುವುದೂ ಹೆಚ್ಚಿನ ಮಾತೇ. ಬಹುಪಾಲು ಅವು ರಬ್ಬರ್ ಬ್ಯಾಂಡ್ ಸುತ್ತಿದ ರಸೀದಿಗಳ ಕಂತೆಗಳಾಗಿದ್ದವು. ಆದ್ದರಿಂದ ಈ ಲೇಖನದಲ್ಲಿ ಬೆಲೆಯ ಲೆಕ್ಕಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಒಂದೇ ತಿನಿಸು, ಅದೂ ಒಣ ತಿನಿಸು

ಆರಂಭಕ್ಕೆ ಒಂದೇ ಒಂದು ತಿನಿಸನ್ನು ಆರಿಸಿಕೊಳ್ಳಿ. ಅದು ಬಿಸ್ಕತ್ತಿನಂತೆ ತೇವಾಂಶ ಕಡಿಮೆ ಇರುವ, ಫ್ರಿಜ್ ಬೇಡದ ತಿನಿಸಾಗಿರಲಿ. ಇದು ನನ್ನ ವೈಯಕ್ತಿಕ ಒಲವೂ ಹೌದು, ಆದರೆ ಅದಕ್ಕೆ ಕಾರಣವಿದೆ. ರೋಗಾಣುಗಳು ಬೆಳೆಯಲು ನೀರು ಬೇಕು. ಒಣ ತಿನಿಸಿನಲ್ಲಿ ಅದು ಅವುಗಳಿಗೆ ಸಿಗುವುದಿಲ್ಲ. ಹುಳಿ ಹೆಚ್ಚಿರುವ ಜಾಮ್‌ನಂಥವುಗಳಲ್ಲಿ ಆಮ್ಲ ಮತ್ತು ಸಕ್ಕರೆ ಕಾವಲು ಕಾಯುತ್ತವೆ. ಹುಳಿಯಿಲ್ಲದ, ತೇವವಿರುವ, ಗಾಳಿಯಾಡದಂತೆ ಮುಚ್ಚಿಟ್ಟ ತಿನಿಸಿನ ಮಾತೇ ಬೇರೆ. ಎಣ್ಣೆಯಲ್ಲಿ ಮುಳುಗಿಸಿಟ್ಟ ಹಸಿ ಬೆಳ್ಳುಳ್ಳಿ ಇದಕ್ಕೆ ಪ್ರಸಿದ್ಧ ಉದಾಹರಣೆ: ಪಿಎಚ್ (ಹುಳಿಯ ಅಳತೆ; ಹುಳಿ ಕಡಿಮೆಯಾದಷ್ಟೂ ಈ ಅಂಕಿ ಹೆಚ್ಚು) 4.6ಕ್ಕಿಂತ ಹೆಚ್ಚಿರುವ ಇಂಥ ಜಾಗದಲ್ಲಿ ಬೊಟುಲಿಸಂ ಎಂಬ ಪ್ರಾಣಾಂತಿಕ ಆಹಾರವಿಷದ ಕಾಯಿಲೆ ಉಂಟುಮಾಡುವ ಬ್ಯಾಕ್ಟೀರಿಯಾ ವಿಷವನ್ನು ಉತ್ಪಾದಿಸಬಲ್ಲದು, ಅದರ ಬೀಜಾಣುಗಳು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಸಿದರೂ ಸಾಯುವುದಿಲ್ಲ, ಮತ್ತು ತಿನಿಸಿನ ಬಣ್ಣವಾಗಲಿ ವಾಸನೆಯಾಗಲಿ ಬದಲಾಗದೆಯೇ ಇದೆಲ್ಲ ನಡೆದುಹೋಗಬಹುದು. ಪ್ರಯೋಗಾಲಯದ ಪರೀಕ್ಷೆ ಇಲ್ಲದೆ ಇಂಥದ್ದನ್ನು ಮನೆಯಿಂದ ಮಾರಲೇಬಾರದು.

ಪರವಾನಗಿ

ನಿಯಮಗಳು ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ, ಸಂಬಂಧಪಟ್ಟ ಕಚೇರಿಯಲ್ಲಿ ನೀವು ಮಾಡಬೇಕೆಂದಿರುವ ತಿನಿಸಿನ ಹೆಸರು ಹೇಳಿ, ಅದನ್ನು ಮನೆಯಿಂದ ಮಾರಲು ಅವಕಾಶವಿದೆಯೇ ಎಂದು ಮೊದಲೇ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಲೇಬಲ್ ಅಚ್ಚು ಹಾಕಿಸುವುದು ಇದಾದ ಮೇಲೆ.

ಪಾಕವಿಧಾನವನ್ನು ಗ್ರಾಂಗೆ ಇಳಿಸುವುದು

ಒಂದು ಲೋಟ ಹಿಟ್ಟು, ಎರಡು ಚಮಚ ಎಣ್ಣೆ, ರುಚಿಗೆ ತಕ್ಕಷ್ಟು ಉಪ್ಪು ಎನ್ನುವ ಭಾಷೆ ಮನೆಗೆ ಸಾಕು, ಮಾರಾಟಕ್ಕೆ ಸಾಲದು. ಅದೇ ಲೋಟಕ್ಕೆ ಹಿಟ್ಟನ್ನು ಸಡಿಲವಾಗಿ ಸುರಿದಾಗಲೂ ಒತ್ತಿ ತುಂಬಿದಾಗಲೂ ತೂಕ ಬೇರೆಬೇರೆ ಬರುತ್ತದೆ. ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ತಕ್ಕಡಿಯೊಂದನ್ನು ಕೊಂಡು, ನೀರು ಮತ್ತು ಎಣ್ಣೆಯನ್ನೂ ಸೇರಿಸಿ ಎಲ್ಲವನ್ನೂ ತೂಗಿ ಬರೆಯಿರಿ. ಕೊಳ್ಳುವಾಗ ಒಂದು ಎಚ್ಚರಿಕೆ: ಅಗ್ಗದ ಕೆಲವು ತಕ್ಕಡಿಗಳು ಅರ್ಧ ನಿಮಿಷ ಕೈ ತಾಗದಿದ್ದರೆ ತಾವಾಗಿಯೇ ಆರಿಹೋಗುತ್ತವೆ. ಹಿಟ್ಟು ಜರಡಿ ಹಿಡಿಯುತ್ತಿರುವಾಗ ಅಂಕಿ ಮಾಯವಾದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಅಂಥದ್ದನ್ನು ಉಚಿತವಾಗಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ಅಳತೆಯನ್ನು ಒಮ್ಮೆಲೇ ಹತ್ತು ಪಟ್ಟು ಹೆಚ್ಚಿಸಲೂಬೇಡಿ. ಎರಡು ಪಟ್ಟು ಮಾಡಿ, ರುಚಿ ನೋಡಿ, ಆಮೇಲೆ ನಾಲ್ಕು ಪಟ್ಟಿಗೆ ಹೋಗಿ. ದೊಡ್ಡ ಪಾತ್ರೆಯಲ್ಲಿ ತಿನಿಸಿನ ಪ್ರಮಾಣಕ್ಕೆ ಹೋಲಿಸಿದರೆ ಆವಿಯಾಗುವ ಮೇಲ್ಮೈ ಕಡಿಮೆ ಇರುವುದರಿಂದ ನೀರು ಬತ್ತಲು ಹೆಚ್ಚು ಹೊತ್ತು ಬೇಕಾಗುತ್ತದೆ, ಆ ಹೆಚ್ಚಿನ ಹೊತ್ತಿನಲ್ಲಿ ತಳ ಹಿಡಿಯುತ್ತದೆ, ಖಾರ ಮತ್ತು ಮಸಾಲೆಯ ಪರಿಮಳವೂ ಬದಲಾಗುತ್ತದೆ.

ಬೆಲೆ: ಎಲ್ಲರೂ ಎಡವುವ ಹಂತ

ಒಂದು ಒಬ್ಬೆ, ಅಂದರೆ ಒಂದು ಸಲಕ್ಕೆ ತಯಾರಿಸುವಷ್ಟು, ಬಿಸ್ಕತ್ತನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹಿಟ್ಟು, ಬೆಣ್ಣೆ, ಸಕ್ಕರೆ ಎಲ್ಲ ಸೇರಿ ಕಲಸಿದ ಮುದ್ದೆಯ ತೂಕ 2,000 ಗ್ರಾಂ, ಸಾಮಗ್ರಿಯ ಖರ್ಚು 240 ಎಂದಿಟ್ಟುಕೊಳ್ಳಿ. ಇಲ್ಲಿ ಕೊಟ್ಟಿರುವ ಮೊತ್ತಗಳೆಲ್ಲ ಲೆಕ್ಕ ತಿಳಿಯುವುದಕ್ಕಾಗಿ ಮಾತ್ರ, ನಿಮ್ಮಲ್ಲಿಯ ಖರ್ಚನ್ನು ಆ ಜಾಗಗಳಲ್ಲಿ ತುಂಬಿಕೊಳ್ಳಿ. ಸಾಮಾನ್ಯವಾಗಿ ನಡೆಯುವ ಲೆಕ್ಕ ಹೀಗಿರುತ್ತದೆ: 200 ಗ್ರಾಂನ ಹತ್ತು ಪೊಟ್ಟಣ, ಪೊಟ್ಟಣಕ್ಕೆ 24 ಖರ್ಚು, ಅದನ್ನು ದ್ವಿಗುಣ ಮಾಡಿ 48ಕ್ಕೆ ಮಾರಿದರೆ ಅರ್ಧಕ್ಕರ್ಧ ಲಾಭ. ಈ ಲೆಕ್ಕದಲ್ಲಿ ಒಂದು ಸಾಲೂ ಸರಿಯಿಲ್ಲ.

ಮೊದಲನೆಯದಾಗಿ, ಹತ್ತು ಪೊಟ್ಟಣ ಬರುವುದೇ ಇಲ್ಲ. ಬೇಯುವಾಗ ನೀರು ಆವಿಯಾಗಿ ಹೋಗುತ್ತದೆ. ನೂರಕ್ಕೆ 12ರಷ್ಟು ತೂಕ ಇಳಿದರೆ ಉಳಿಯುವುದು 1,760 ಗ್ರಾಂ. ಮುರಿದದ್ದು, ಅಂಚು ಕಪ್ಪಾದದ್ದು, ರುಚಿ ನೋಡಲು ತೆಗೆದದ್ದು ಎಲ್ಲ ಸೇರಿ 60 ಗ್ರಾಂ ಕಳೆದರೆ 1,700. ಪೊಟ್ಟಣದ ಮೇಲೆ 200 ಗ್ರಾಂ ಎಂದು ಬರೆದ ಮೇಲೆ ಒಂದು ಗ್ರಾಂ ಕೂಡ ಕಡಿಮೆಯಾಗುವಂತಿಲ್ಲವಾದ್ದರಿಂದ ಕೈ ತಡೆದರೂ 204 ಗ್ರಾಂ ಬೀಳುತ್ತದೆ. ಅಲ್ಲಿಗೆ ತುಂಬುವುದು ಎಂಟು ಪೊಟ್ಟಣ, ಡಬ್ಬಿಯ ತಳದಲ್ಲಿ 68 ಗ್ರಾಂ ಉಳಿಕೆ. 240ನ್ನು ಎಂಟರಿಂದ ಭಾಗಿಸಿದರೆ ಸಾಮಗ್ರಿಯ ಖರ್ಚೇ ಪೊಟ್ಟಣಕ್ಕೆ 30 ಆಯಿತು. ನಿಮ್ಮ ತಿನಿಸಿನಲ್ಲಿ ಈ ಇಳಿತ ಎಷ್ಟೆಂದು ತಿಳಿಯಲು ಬೇರೆ ದಾರಿಯಿಲ್ಲ, ಮೂರು ಒಬ್ಬೆಗಳನ್ನು ಬೇಯಿಸುವ ಮೊದಲೂ ಬೇಯಿಸಿ ಆರಿದ ಮೇಲೂ ತೂಗಿ ಸರಾಸರಿ ತೆಗೆಯಬೇಕು.

ಎರಡನೆಯದು ಇಂಧನ. ಅನಿಲದ ಸಿಲಿಂಡರ್ ಬಳಸುವವರು ಕೆಲಸಕ್ಕೆ ಮೊದಲು ಮತ್ತು ಅನಂತರ ಸಿಲಿಂಡರನ್ನೇ ತೂಗಿದರೆ ಎಷ್ಟು ಅನಿಲ ಉರಿಯಿತು ಎಂಬುದು ನೇರವಾಗಿ ಸಿಗುತ್ತದೆ. ವಿದ್ಯುತ್ತಿನ ಓವನ್ ಆದರೆ ಮೀಟರಿನ ಅಂಕಿಯನ್ನು ಎರಡು ಸಲ ಬರೆದುಕೊಂಡರಾಯಿತು. ಅದು 24 ಎನ್ನೋಣ. ಚೀಲ, ಲೇಬಲ್, ಅಂಟುಪಟ್ಟಿ ಸೇರಿ ಪೊಟ್ಟಣಕ್ಕೆ 5ರಂತೆ 40. ಪಾತ್ರೆ, ತಟ್ಟೆ, ಯಂತ್ರಗಳ ಸವಕಳಿಗೆ 16.

ಮೂರನೆಯದು ನಿಮ್ಮ ದುಡಿಮೆ. ಇದನ್ನು ಬರೆಯಲು ಸಂಕೋಚಪಡುವವರೇ ಹೆಚ್ಚು. ‘ಮನೆಯಲ್ಲೇ ಇರುತ್ತೇನಲ್ಲ, ನನ್ನ ಸಮಯಕ್ಕೇನು ಲೆಕ್ಕ’ ಎನ್ನುತ್ತಾರೆ. ಆದರೆ ನಾಳೆ ಬೇಡಿಕೆ ಹೆಚ್ಚಾಗಿ ಒಬ್ಬ ಸಹಾಯಕರನ್ನು ಇಟ್ಟುಕೊಂಡರೆ ಅವರು ಪುಕ್ಕಟೆಯಾಗಿ ದುಡಿಯುವುದಿಲ್ಲ, ಆ ದಿನ ಕೂಲಿ ಕೊಡಲು ಬೆಲೆಯಲ್ಲಿ ಜಾಗವೇ ಇರುವುದಿಲ್ಲ. ಕಲಸುವ ಹೊತ್ತಿನಿಂದಲ್ಲ, ಸಾಮಗ್ರಿ ತೂಗಿಡುವ ಹೊತ್ತಿನಿಂದ ಕೊನೆಯ ತಟ್ಟೆ ತೊಳೆದು ಒರೆಸುವವರೆಗೆ ಗಡಿಯಾರ ನೋಡಿ ಬರೆಯಿರಿ. ಮೂರು ಗಂಟೆ, ಗಂಟೆಗೆ 40ರಂತೆ 120.

ಎಲ್ಲ ಕೂಡಿದರೆ ಒಬ್ಬೆಗೆ 440, ಪೊಟ್ಟಣಕ್ಕೆ 55. ಎಂಟರಲ್ಲಿ ಒಂದು ಪೊಟ್ಟಣ ಮಾರಾಟವಾಗದೆ ಉಳಿಯಿತು ಎಂದರೆ ಉಳಿದ ಏಳೇ ಅದರ ಹೊರೆಯನ್ನೂ ಹೊರಬೇಕು; ಆಗ ಪೊಟ್ಟಣಕ್ಕೆ ಹೆಚ್ಚುಕಡಿಮೆ 63. ಅಂದರೆ 48ಕ್ಕೆ ಮಾರಿ ಅರ್ಧ ಲಾಭ ಎಂದುಕೊಂಡವರು ಪ್ರತಿ ಪೊಟ್ಟಣಕ್ಕೂ ಕೈಯಿಂದ 15 ಕಳೆದುಕೊಳ್ಳುತ್ತಿರುತ್ತಾರೆ. ಮಾರಾಟ ಹೆಚ್ಚಿದಷ್ಟೂ ಕೈ ಬರಿದಾಗುವುದು ಹೀಗೆ.

ಇಷ್ಟರ ಮೇಲೆ ಅಂಗಡಿಯವರ ಪಾಲು ಇದೆ. ಇಲ್ಲಿ ಲೆಕ್ಕ ಬಲ್ಲವರೂ ತಪ್ಪುವುದನ್ನು ಕಂಡಿದ್ದೇನೆ. ಅಂಗಡಿಯವರು ನೂರಕ್ಕೆ 25 ಕೇಳಿದರೆ 63ಕ್ಕೆ ನೂರಕ್ಕೆ 25 ಸೇರಿಸಿ 79 ಎಂದು ಬೆಲೆ ಬರೆಯುತ್ತಾರೆ. ಅಂಗಡಿಯವರು ತೆಗೆದುಕೊಳ್ಳುವುದು ನಿಮ್ಮ ಖರ್ಚಿನ ಮೇಲಲ್ಲ, ಮಾರುವ ಬೆಲೆಯ ಮೇಲೆ. 79ರಲ್ಲಿ ನೂರಕ್ಕೆ 25 ಹೋದರೆ ನಿಮಗೆ ಬರುವುದು 59 ಚಿಲ್ಲರೆ, ಖರ್ಚೇ ಹುಟ್ಟುವುದಿಲ್ಲ. ಸರಿಯಾದ ಕ್ರಮವೆಂದರೆ ಅಂಗಡಿಯ ಪಾಲು ಕಳೆದು ನಿಮಗೆ ಉಳಿಯುವ ನೂರಕ್ಕೆ 75, ಅಂದರೆ 0.75ರಿಂದ ಖರ್ಚನ್ನು ಭಾಗಿಸುವುದು: 63ನ್ನು 0.75ರಿಂದ ಭಾಗಿಸಿದರೆ 84. ಅದರಲ್ಲೂ ವ್ಯಾಪಾರ ಬೆಳೆಸಲು ಒಂದು ಬಿಡಿಗಾಸೂ ಉಳಿಯುವುದಿಲ್ಲ. ಬೆಲೆಯ ನೂರಕ್ಕೆ 10ರಷ್ಟು ಉಳಿಯಬೇಕೆಂದರೆ ಅದನ್ನೂ ಕಳೆದು 0.65ರಿಂದ ಭಾಗಿಸಿ 97 ಎಂದು ಇಡಬೇಕಾಗುತ್ತದೆ. ಈ ಬೆಲೆಗೆ ಯಾರೂ ಕೊಳ್ಳುವುದಿಲ್ಲ ಎನ್ನಿಸಿದರೆ ಪೊಟ್ಟಣವನ್ನು ಚಿಕ್ಕದು ಮಾಡಿ, ಅಥವಾ ಅಂಗಡಿಯ ದಾರಿ ಬಿಟ್ಟು ಕೊಳ್ಳುವವರಿಗೇ ನೇರವಾಗಿ ಮಾರಿ, ಇಲ್ಲವೇ ಬೇರೆ ತಿನಿಸನ್ನು ಆರಿಸಿ. ಬೆಣ್ಣೆಯ ಜಾಗಕ್ಕೆ ಅಗ್ಗದ ಕೊಬ್ಬನ್ನು ತರುವ ಉಪಾಯವನ್ನು ಮಾತ್ರ ಮಾಡಬೇಡಿ. ಬೆಣ್ಣೆಯ ರುಚಿಗೆಂದು ಕೊಂಡವರು ಅದನ್ನು ಮೊದಲ ತುತ್ತಿಗೇ ಗುರುತಿಸುತ್ತಾರೆ.

ತಣಿಸುವುದು ಮತ್ತು ಪೊಟ್ಟಣ ಕಟ್ಟುವುದು

ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ಒಮ್ಮೆ ಅವಸರದಲ್ಲಿ, ಮೇಲೆ ಮುಟ್ಟಿದರೆ ತಣ್ಣಗಾಗಿದ್ದ ಬಿಸ್ಕತ್ತುಗಳನ್ನು ರಾತ್ರಿಯೇ ಚೀಲಗಳಿಗೆ ತುಂಬಿ ಬಾಯಿ ಮುಚ್ಚಿಬಿಟ್ಟೆ. ಬೆಳಿಗ್ಗೆ ನೋಡಿದಾಗ ಚೀಲದ ಒಳಮೈಯಲ್ಲಿ ಸಾಸಿವೆಗಿಂತ ಸಣ್ಣ ನೀರಹನಿಗಳು ಸಾಲುಗಟ್ಟಿದ್ದವು, ಬಿಸ್ಕತ್ತುಗಳು ಮುರಿಯುವ ಬದಲು ಬಾಗುತ್ತಿದ್ದವು. ಇಡೀ ಒಬ್ಬೆ ಮಾರಾಟಕ್ಕೆ ಬಾರದಂತಾಯಿತು. ನಡುವಿನಲ್ಲಿ ಉಳಿದ ಶಾಖಕ್ಕೆ ಒಳಗಿನ ತೇವ ಆವಿಯಾಗಿ ಹೊರಬಂದು ಚೀಲದ ತಣ್ಣನೆಯ ಗೋಡೆಯಲ್ಲಿ ನೀರಾಗುತ್ತದೆ, ಬೂಷ್ಟು ಹಿಡಿಯಲು ಆ ನೀರು ಧಾರಾಳವಾಗಿ ಸಾಕು. ಜಾಲರಿಯ ಮೇಲೆ ಒಂದೇ ಪದರದಲ್ಲಿ ಹರಡಿ, ಒಂದನ್ನು ಮುರಿದು ನಡುಭಾಗವನ್ನು ತುಟಿಗೆ ತಾಗಿಸಿ ನೋಡಿ. ಒಂದಿಷ್ಟೂ ಬೆಚ್ಚಗೆ ಅನ್ನಿಸಬಾರದು. ತುಟಿಗೆ ತಾಗಿಸಿದ್ದನ್ನು ನೀವೇ ತಿನ್ನಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಮುಂದೆ ಎಂದಾದರೂ ತೇವವಿರುವ ಅಡುಗೆಗೆ ಕೈಹಾಕುವವರು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಲಿ: ನಡುಭಾಗ 70 ಡಿಗ್ರಿ ತಲುಪುವವರೆಗೆ ಬೇಯಿಸುವುದು, ಬೆಂದದ್ದನ್ನು ಹೊರಗಿನ ವಾತಾವರಣದಲ್ಲಿ 2 ಗಂಟೆಗಿಂತ ಹೆಚ್ಚು ಇಡದಿರುವುದು, ಬಿಸಿಯಾಗಿ ಬಡಿಸುವುದಾದರೆ 60 ಡಿಗ್ರಿಯ ಮೇಲೆ, ತಣ್ಣಗಿಡುವುದಾದರೆ 5 ಡಿಗ್ರಿಯ ಕೆಳಗೆ. ದೊಡ್ಡ ಪಾತ್ರೆಯನ್ನು ಹಾಗೆಯೇ ಫ್ರಿಜ್ಜಿನಲ್ಲಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆಯಾದ್ದರಿಂದ ಅಗಲವಾದ ತಟ್ಟೆಗಳಿಗೆ ತೆಳುವಾಗಿ ಸುರಿದು ತಣಿಸಬೇಕು.

ಚೀಲದ ಬಾಯಿಯನ್ನು ಮೇಣದಬತ್ತಿಯ ಜ್ವಾಲೆಯಿಂದ ಬೆಸೆಯುವ ಅಡ್ಡದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. ನೋಡಲು ಮುಚ್ಚಿದಂತೆ ಕಂಡರೂ ನಡುನಡುವೆ ಸೂಜಿಯ ಮೊನೆಯಷ್ಟು ತೂತುಗಳು ಉಳಿದಿರುತ್ತವೆ. ಕೈಯಿಂದ ಒತ್ತುವ ಸೀಲಿಂಗ್ ಯಂತ್ರ ದುಬಾರಿಯಲ್ಲ. ಸೀಲು ಸರಿಯಾಗಿದೆಯೇ ಎಂದು ತಿಳಿಯಲು ಮಾರಾಟಕ್ಕಲ್ಲದ ಒಂದು ಪೊಟ್ಟಣವನ್ನು ನೀರಿನಲ್ಲಿ ಮುಳುಗಿಸಿ ಒತ್ತಿ, ಗುಳ್ಳೆ ಬಂದರೆ ಆ ದಿನ ಬೆಸೆದ ಎಲ್ಲವನ್ನೂ ಮತ್ತೆ ಬೆಸೆಯಿರಿ. ಅಚ್ಚಾದ ಕಾಗದದಲ್ಲಿ ಸುತ್ತಿ ಕೊಡುವುದಂತೂ ಕೂಡದು, ಎಣ್ಣೆಗೆ ಶಾಯಿ ಬಿಡುತ್ತದೆ.

ಲೇಬಲ್ ಮತ್ತು ಬಾಳಿಕೆ

ತಿನಿಸಿನ ಹೆಸರು, ನಿವ್ವಳ ತೂಕ, ತೂಕದ ಇಳಿಕೆಯ ಕ್ರಮದಲ್ಲಿ ಸಾಮಗ್ರಿಗಳು, ತಯಾರಿಸಿದ ದಿನ, ಎಂದಿನವರೆಗೆ ಬಳಸಬಹುದು, ಬ್ಯಾಚ್ (ಯಾವ ಒಬ್ಬೆಯದು ಎಂಬ) ಸಂಖ್ಯೆ, ನಿಮ್ಮ ವಿಳಾಸ: ಇಷ್ಟು ಬಹುತೇಕ ಎಲ್ಲ ಕಡೆ ಬೇಕಾಗುತ್ತದೆ. ಗೋಧಿ, ಹಾಲು, ಮೊಟ್ಟೆ, ಶೇಂಗಾ, ಸೋಯಾ, ಬಾದಾಮಿ ಮತ್ತು ಗೋಡಂಬಿಯಂಥ ಬೀಜಗಳು ಕೆಲವರಿಗೆ ಅಲರ್ಜಿಯಿಂದ ಪ್ರಾಣಕ್ಕೇ ಕುತ್ತು ತರಬಲ್ಲವು. ಅವನ್ನು ದಪ್ಪಕ್ಷರದಲ್ಲಿ ಬರೆಯಿರಿ. ಅದೇ ಮಿಕ್ಸಿಯಲ್ಲಿ ಶೇಂಗಾ ಅರೆದಿದ್ದರೆ ಅದನ್ನೂ ತಿಳಿಸಬೇಕು.

ಬಾಳಿಕೆಯ ದಿನವನ್ನು ಬೇರೆಯವರ ಪೊಟ್ಟಣ ನೋಡಿ ನಕಲು ಮಾಡುವಂತಿಲ್ಲ. ಒಣ ತಿನಿಸಾದರೆ ಒಂದೇ ಒಬ್ಬೆಯ ಆರು ಪೊಟ್ಟಣಗಳನ್ನು ತೆಗೆದಿಟ್ಟು, ಮೂರನ್ನು ಕಪಾಟಿನಲ್ಲೂ ಮೂರನ್ನು ಮನೆಯ ಅತಿ ಸೆಕೆಯ ಮೂಲೆಯಲ್ಲೂ ಇಟ್ಟು, ಎರಡು ವಾರಕ್ಕೊಮ್ಮೆ ಒಂದೊಂದು ಜೊತೆ ಬಿಚ್ಚಿ ನೋಡಿ. ಸೆಕೆಯ ಮೂಲೆಯದು ಮೆತ್ತಗಾದ ಅಥವಾ ಕನರು ವಾಸನೆ ಬಂದ ದಿನಕ್ಕಿಂತ ಸಾಕಷ್ಟು ಹಿಂದಿನ ದಿನವನ್ನೇ ಲೇಬಲ್‌ಗೆ ಹಾಕಿ.

ಮಾರಾಟ, ಮತ್ತು ಮೊದಲ ದೊಡ್ಡ ಬೇಡಿಕೆ

ನೆಂಟರು ಮತ್ತು ಗೆಳೆಯರ ಹೊಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪರಿಚಯವಿಲ್ಲದ ಇಪ್ಪತ್ತು ಜನರಿಗೆ ಪೂರ್ತಿ ಬೆಲೆಗೆ ಮಾರಿ, ಅವರಲ್ಲಿ ಎಷ್ಟು ಮಂದಿ ತಾವಾಗಿ ಎರಡನೆಯ ಸಲ ಬಂದರು ಎಂದು ಎಣಿಸಿ.

ಇನ್ನು ಯಾರೋ ಒಬ್ಬರು ಸಮಾರಂಭಕ್ಕೆಂದು ನೂರು ಪೊಟ್ಟಣ ಕೇಳುತ್ತಾರೆ, ಮಾರುವವರು ಸಂತೋಷದಿಂದ ಅಲ್ಲೇ ಒಪ್ಪಿಬಿಡುತ್ತಾರೆ. ಒಬ್ಬೆಗೆ ಎಂಟು ಪೊಟ್ಟಣವಾದರೆ ಅದು 13 ಒಬ್ಬೆ, ಒಬ್ಬೆಗೆ ಮೂರು ಗಂಟೆಯಂತೆ 39 ಗಂಟೆಯ ಕೆಲಸ. ಮನೆಯವರ ಊಟವೂ ಅದೇ ಒಲೆಯಲ್ಲಿ ಆಗಬೇಕು, ಆರಿಸಲು ಜಾಲರಿಗಳು ಎರಡೇ ಇರುತ್ತವೆ. ಲೆಕ್ಕದ ಪುಸ್ತಕ ತೆಗೆದು ದಿನಕ್ಕೆ ಎರಡು ಒಬ್ಬೆಗಿಂತ ಹೆಚ್ಚು ಆಗುವುದಿಲ್ಲವೆಂದು ಕಂಡರೆ ಏಳು ದಿನದ ಗಡುವು ಕೇಳಿ, ಸಾಮಗ್ರಿ ಮತ್ತು ಚೀಲಗಳ ಖರ್ಚಿನಷ್ಟನ್ನಾದರೂ ಮುಂಗಡವಾಗಿ ಪಡೆದು, ಮೊದಲ ದಿನ ತಯಾರಾದ ಪೊಟ್ಟಣಗಳ ಮೇಲೂ ಕೊನೆಯ ದಿನದವುಗಳ ಮೇಲೂ ಅವುಗಳ ದಿನಾಂಕವನ್ನೇ ಬೇರೆಬೇರೆಯಾಗಿ ಹಾಕಿ ಕೊಡಿ.