ಥೈರಾಯ್ಡ್ ಮಾತ್ರೆಯ ಡೋಸ್ ಬದಲಿಸುವ ಮುಂಚೆ

ನನಗೆ ಥೈರಾಯ್ಡ್ ಹಾರ್ಮೋನು ಕಡಿಮೆ; ಅದನ್ನು ತುಂಬಿಕೊಡುವ ಲೆವೊಥೈರಾಕ್ಸಿನ್ ಮಾತ್ರೆ, 75 ಮೈಕ್ರೋಗ್ರಾಂ, ಶುರು ಮಾಡಿ ಮೂರು ವಾರ ಆಗಿತ್ತು. ಸುಸ್ತು ಹಾಗೇ ಇತ್ತು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ತಾಳ್ಮೆ ಕೆಟ್ಟು, ಯಾರನ್ನೂ ಕೇಳದೆ ದಿನಕ್ಕೆ ಎರಡು ಮಾತ್ರೆ ನುಂಗತೊಡಗಿದೆ. ಕೆಲವು ವಾರಗಳಲ್ಲಿ ರಾತ್ರಿ ಮಲಗಿದರೆ ನನ್ನ ಎದೆಬಡಿತ ನನಗೇ ಕೇಳಿಸುತ್ತಿತ್ತು. ಸೂಜಿಗೆ ದಾರ ಪೋಣಿಸಲು ಹೋದರೆ ಕೈ ನಡುಕ, ದಾರದ ತುದಿ ಸೂಜಿಯ ಕಣ್ಣಿನ ಆಚೆ ಈಚೆ ಅಲುಗುತ್ತಿತ್ತೇ ಹೊರತು ಒಳಗೆ ಹೋಗುತ್ತಿರಲಿಲ್ಲ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಡೋಸ್ ಅತಿಯಾದರೆ ಹೃದಯದ ಲಯ ತಪ್ಪಬಹುದು, ಮೂಳೆಯೂ ಸವೆಯುತ್ತದೆ.

ಈ ಔಷಧಿ ನಿಧಾನ. ಒಂದು ವಾರ ಕಳೆದರೂ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ಹಾಗಾಗಿ ಹೊಸ ಡೋಸ್ ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ ಬೇಕು. ಟಿಎಸ್‌ಎಚ್ ಪರೀಕ್ಷೆಯನ್ನು 6ರಿಂದ 8 ವಾರಕ್ಕೆ ಮಾಡಿಸಲು ಹೇಳುವುದು ಅದಕ್ಕೇ. ಇನ್ನಷ್ಟು ಹಾರ್ಮೋನು ಮಾಡು ಅಂತ ಮೆದುಳಿನ ಬುಡದ ಗ್ರಂಥಿ ಥೈರಾಯ್ಡ್‌ಗೆ ಕಳಿಸುವ ಸಂದೇಶವೇ ಟಿಎಸ್‌ಎಚ್. ಟಿಎಸ್‌ಎಚ್ ಜಾಸ್ತಿ ಬಂತು ಅಂದರೆ ಹಾರ್ಮೋನು ಸಾಲುತ್ತಿಲ್ಲ ಅಂತ, ಕಡಿಮೆ ಬಂತು ಅಂದರೆ ಅತಿಯಾಗಿದೆ ಅಂತ. ಮೊದಮೊದಲು ಇದು ಎಲ್ಲರಿಗೂ ಉಲ್ಟಾ ಅನಿಸುತ್ತದೆ ಅಲ್ವಾ? ಡಾಕ್ಟರ್ ಸಾಮಾನ್ಯವಾಗಿ 12.5 ಅಥವಾ 25 ಮೈಕ್ರೋಗ್ರಾಂ ಅಷ್ಟೇ ಏರಿಸುತ್ತಾರೆ, ಇಳಿಸುತ್ತಾರೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಇನ್ನೂ ಹುಷಾರಾಗಿ.

ಡೋಸ್ ಸಾಲುತ್ತಿಲ್ಲ ಅನಿಸಿದಾಗ ಮೊದಲು ಮಾತ್ರೆ ತಗೊಳ್ಳುವ ರೀತಿ ನೋಡಿ. ಇದು ನನಗೆ ಎರಡನೇ ಪಾಠ. ಡೋಸ್ ಸರಿಹೋದ ಮೇಲೂ ಒಮ್ಮೆ ನನ್ನ ಟಿಎಸ್‌ಎಚ್ 9ಕ್ಕೆ ಏರಿತ್ತು. ಡಾಕ್ಟರ್ ಚೀಟಿ ಬರೆಯುವ ಮುಂಚೆ, "ಬೆಳಗ್ಗೆ ಇದರ ಜೊತೆ ಬೇರೆ ಏನು ತಗೋತೀರಿ?" ಅಂತ ಕೇಳಿದರು. ಕಬ್ಬಿಣದ ಮಾತ್ರೆ! ಎರಡನ್ನೂ ಒಂದೇ ಗುಟುಕಿಗೆ ನುಂಗುತ್ತಿದ್ದೆ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಈ ಔಷಧಿಯನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ನಡುವೆ ನಾಲ್ಕು ಗಂಟೆ ಅಂತರ ಕೊಟ್ಟೆ. ಡೋಸ್ ಏರಿಸದೆಯೇ ಮುಂದಿನ ರಿಪೋರ್ಟ್ ಸರಿ ಬಂತು.

ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ ನುಂಗಿ. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ, ತಿಂಡಿ ಬೇಡ. ಬೆಳಗ್ಗೆ ಆಗದಿದ್ದರೆ ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೂ ಆಗುತ್ತದೆ. ದಿನವೂ ಒಂದೇ ಹೊತ್ತು ಇಟ್ಟುಕೊಳ್ಳಿ.

ರಕ್ತ ಕೊಡುವ ದಿನ ಮಾತ್ರೆಯನ್ನು ಆಮೇಲೆ ತಗೊಳ್ಳಿ. ಕೂದಲಿಗೆಂದು ಬಯೋಟಿನ್ ತಿನ್ನುತ್ತಿದ್ದರೆ ಮೊದಲೇ ಹೇಳಿ, ಅದು ರಿಪೋರ್ಟನ್ನೇ ಏರುಪೇರು ಮಾಡಬಹುದು.

ಡಾಕ್ಟರ ಹತ್ತಿರ ಸುಮ್ನೆ "ಸುಸ್ತು" ಅಂದರೆ ಸಾಲದು. ನಾನು ವಾರಕ್ಕೊಮ್ಮೆ ತೂಕ, ಎದ್ದ ಕೂಡಲೇ ನಾಡಿಬಡಿತ, ನಿದ್ದೆ, ಮಲಬದ್ಧತೆ, ಚಳಿ ಎಷ್ಟು ಅಂತ ಬರೆದಿಡುತ್ತೇನೆ. ಟಿಎಸ್‌ಎಚ್ ಸರಿಯಿದ್ದೂ ಸುಸ್ತು ಹೋಗದಿದ್ದರೆ ರಕ್ತಹೀನತೆ, ಬಿ12 ಕೊರತೆ ಇದೆಯಾ ಅಂತ ನೋಡಿಸಿ. ಎಲ್ಲಾ ತಪ್ಪನ್ನೂ ಥೈರಾಯ್ಡ್ ಮೇಲೆ ಹೊರಿಸುವುದು ಬೇಡ.

ಎರಡು ವಿಷಯಕ್ಕೆ ಮಾತ್ರ ಆರು ವಾರ ಕಾಯಬೇಡಿ. ಗರ್ಭಿಣಿ ಅಂತ ಗೊತ್ತಾದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಆಗ ಡೋಸ್ ಸಾಮಾನ್ಯವಾಗಿ ಜಾಸ್ತಿ ಬೇಕಾಗುತ್ತದೆ. ಎದೆನೋವು ಬಂದರೆ, ಎದೆಬಡಿತ ತಾಳ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.